ಎಳೆಯ ಹೆಗಲು ಮತ್ತು ಶ್ರಾವಕನ ಹೊಣೆ

ರೋಹಿಣಿ ಮಳೆ ಮುಗಿದು ಮೃಗಶಿರ ಹಿಡಿಯುವ ಹೊತ್ತಿಗೆ ನಮ್ಮ ಪ್ರಾಂತದಲ್ಲಿ ಎರಡು ಕಾರ್ಯಗಳು ಒಟ್ಟಿಗೆ ಆರಂಭವಾಗುತ್ತವೆ. ರೈತನು ಕೂರಿಗೆ ಹೂಡುತ್ತಾನೆ. ತಾಯಿತಂದೆಗಳು ಮಕ್ಕಳನ್ನು ಶಾಲೆಗೆ ಕಳಿಸುತ್ತಾರೆ. ಧಾರವಾಡದ ಎರೆನೆಲ ಮುಗಿದು ಮಲೆನಾಡಿನ ಕಾಡು ತೊಡಗುವ ಸೆರಗಿನಲ್ಲಿರುವ ಅಳ್ನಾವರದಂಥ ಊರಿನಲ್ಲಿ, ಜೂನ್ ತಿಂಗಳ ಮೊದಲ ವಾರದ ಜಿಟಿಜಿಟಿ ಮಳೆಯಲ್ಲಿ, ಕೊಡೆ ಹಿಡಿದ ಅಜ್ಜಂದಿರೂ ಮಗುವಿನ ತಲೆಗೆ ಸೆರಗು ಹೊದಿಸಿದ ತಾಯಂದಿರೂ ಅಂಗನವಾಡಿ, ಬಾಲವಾಡಿ, ಎಲ್.ಕೆ.ಜಿ.ಗಳ ಬಾಗಿಲಲ್ಲಿ ನಿಂತಿರುತ್ತಾರೆ. ಒಳಗಿನಿಂದ ಅಳು ಕೇಳಿಬರುತ್ತದೆ. ಹೊರಗೆ ನಿಂತ ತಾಯಿಯ ಕಣ್ಣೂ ಒದ್ದೆಯಾಗಿರುತ್ತದೆ. "ಎರಡು ದಿನ ಅಳತಾವ, ಆಮ್ಯಾಲೆ ತಾವಽ ಓಡಿ ಬರತಾವ" ಎಂದು ಅನುಭವಸ್ಥರು ಸಮಾಧಾನ ಹೇಳುತ್ತಾರೆ. ಅದು ಬಹುಮಟ್ಟಿಗೆ ನಿಜವೂ ಆಗುತ್ತದೆ.

ಇಷ್ಟು ಸಾಮಾನ್ಯವಾದ ಸಂಗತಿಯಲ್ಲಿ ಧರ್ಮಜಿಜ್ಞಾಸೆಗೆ ಎಡೆಯೆಲ್ಲಿ ಎಂದು ಕೆಲವರು ಕೇಳಬಹುದು. ನೀರನ್ನು ಸೋಸಿ ಕುಡಿಯುವ, ದೀಪಕ್ಕೆ ಬೀಳುವ ಹುಳುವಿನ ವಿಷಯದಲ್ಲಿಯೂ ಎಚ್ಚರ ವಹಿಸುವ ಗೃಹಸ್ಥರು ನಾವು. ನಮ್ಮ ಮನೆಯಲ್ಲಿಯೇ ಇರುವ, ಮಾತಿನಿಂದ ತನ್ನ ನೋವನ್ನು ಹೇಳಿಕೊಳ್ಳಲಾರದ ಮೂರು ವರ್ಷದ ಪಂಚೇಂದ್ರಿಯ ಜೀವಿಯ ವಿಷಯದಲ್ಲಿ ನಮ್ಮ ಎಚ್ಚರ ಎಷ್ಟು? ಮಗುವನ್ನು ಶಾಲೆಗೆ ಕಳಿಸುವುದು ಉಪಕಾರವೋ ಪೀಡೆಯೋ? ಉಪಕಾರವಾದರೆ ಅದು ಯಾವಾಗ, ಎಷ್ಟರಮಟ್ಟಿಗೆ ಉಪಕಾರ? ಈ ಪ್ರಶ್ನೆಯನ್ನು ಸಾವಧಾನವಾಗಿ ವಿಚಾರಿಸುವುದು ಉಚಿತವೆಂದು ತೋರುತ್ತದೆ.

ಮೊದಲು ಪರಂಪರೆಯ ಕಡೆಗೆ ನೋಡೋಣ. ವಿದ್ಯಾರಂಭವನ್ನು ಸಂಸ್ಕಾರವೆಂದು ಪರಿಗಣಿಸಿದ ಸಮಾಜ ನಮ್ಮದು. ಒಂಬತ್ತನೆಯ ಶತಮಾನದಲ್ಲಿ ಜಿನಸೇನಾಚಾರ್ಯರು ತಮ್ಮ ಸಂಸ್ಕೃತ ಆದಿಪುರಾಣದಲ್ಲಿ ಗರ್ಭಾನ್ವಯ ಕ್ರಿಯೆಗಳು 53 ಎಂದು ಎಣಿಸಿದ್ದಾರೆ. ಅವುಗಳಲ್ಲಿ ಒಂದು ಲಿಪಿಸಂಖ್ಯಾನ ಕ್ರಿಯೆ. ಮಗುವಿಗೆ ಮೊದಲ ಬಾರಿಗೆ ಅಕ್ಷರದರ್ಶನ ಮಾಡಿಸುವ ಈ ಕ್ರಿಯೆಗೆ ಅವರು ಗೊತ್ತುಮಾಡಿದ ಕಾಲ ಐದನೆಯ ವರ್ಷ. ಗುರುವಿನ ಬಳಿಗೆ ಕಳಿಸುವ ಉಪನೀತಿ ಕ್ರಿಯೆ ಎಂಟನೆಯ ವರ್ಷಕ್ಕೆ. ಅಂದರೆ ಅಕ್ಷರವನ್ನು ತೋರಿಸುವುದಕ್ಕೂ ವಿದ್ಯಾಭ್ಯಾಸದ ಶಿಸ್ತಿಗೆ ಒಳಪಡಿಸುವುದಕ್ಕೂ ನಡುವೆ ಮೂರು ವರ್ಷಗಳ ಅವಕಾಶವನ್ನು ಆಚಾರ್ಯರು ಬಿಟ್ಟಿದ್ದಾರೆ.

ಅದೇ ಪುರಾಣದಲ್ಲಿ ಆದಿನಾಥರು ಬ್ರಾಹ್ಮಿಗೆ ಲಿಪಿಯನ್ನೂ ಸುಂದರಿಗೆ ಅಂಕಗಳನ್ನೂ ಕಲಿಸಿದ ಪ್ರಸಂಗ ಎಲ್ಲರಿಗೂ ಗೊತ್ತಿರುವುದೇ. 941ರಲ್ಲಿ ಪಂಪನು ಕನ್ನಡದಲ್ಲಿ ಆದಿಪುರಾಣವನ್ನು ರಚಿಸಿದಂದಿನಿಂದ ಈ ಕಥೆ ನಮ್ಮ ಮನೆಮಾತಾಗಿದೆ. ಆ ಕನ್ಯೆಯರು ಆಗ ಶೈಶವವನ್ನು ದಾಟಿದ್ದರು. ಆದರೂ ತಂದೆಯು ಮೊದಲು ಅವರನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಂಡನು. ಅಕ್ಷರ ಬಂದದ್ದು ಅನಂತರ. ದೊಡ್ಡ ಹೆಣ್ಣುಮಕ್ಕಳಿಗೇ ಈ ವಾತ್ಸಲ್ಯ ಬೇಕಾಯಿತು ಎಂದ ಮೇಲೆ ಮೂರು ವರ್ಷದ ಕೂಸಿಗೆ ಅದು ಬೇಡವೆ?

ಆದರೆ ಪುರಾಣದ ಒಂದು ಅಂಕೆಯನ್ನು ಹಿಡಿದುಕೊಂಡು "ಐದು ವರ್ಷಕ್ಕೆ ಮೊದಲು ಮಗು ಮನೆಯ ಹೊಸ್ತಿಲು ದಾಟಕೂಡದು" ಎಂದು ಸಾಧಿಸುವುದು ಏಕಾಂತವಾದವಾದೀತು. ಹಿಂದೆ ಒಂದು ಅಂಗಳದಲ್ಲಿ ಹತ್ತು ಮಕ್ಕಳಿದ್ದರು. ಅಜ್ಜಿ, ದೊಡ್ಡವ್ವ, ಚಿಕ್ಕವ್ವಂದಿರಿದ್ದರು. ಮಗು ಅಲ್ಲಿ ಆಡಿ, ಜಗಳಾಡಿ, ಹಂಚಿ ತಿಂದು ಬೆಳೆಯುತ್ತಿತ್ತು. ಇಂದು ಮನೆಗೆ ಒಂದೋ ಎರಡೋ ಮಕ್ಕಳು. ತಂದೆ ಅಂಗಡಿಯಲ್ಲಿ ಅಥವಾ ಹೊಲದಲ್ಲಿ, ತಾಯಿಯೂ ಅನೇಕ ಕಡೆ ಉದ್ಯೋಗದಲ್ಲಿ. ಟಿ.ವಿ. ಅಥವಾ ಮೊಬೈಲು ಫೋನಿನ ಮುಂದೆ ಒಂಟಿಯಾಗಿ ಕೂರುವುದಕ್ಕಿಂತ ಓರಗೆಯ ಮಕ್ಕಳ ನಡುವೆ ಮೂರು ಗಂಟೆ ಕಳೆಯುವುದು ಮಗುವಿಗೆ ಹಿತವೆಂಬುದನ್ನು ಅಲ್ಲಗಳೆಯಲಾಗದು. ಕೂಲಿಗೆ ಹೋಗುವ ತಾಯಿಗಂತೂ ಅಂಗನವಾಡಿಯೇ ಆಸರೆ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಆಹಾರ, ಆರೋಗ್ಯ ಮತ್ತು ಶಾಲಾಪೂರ್ವ ಶಿಕ್ಷಣಗಳನ್ನು ಒಂದೇ ಸೂರಿನಡಿ ತಂದುದು ಇಂಥ ಕುಟುಂಬಗಳನ್ನು ಮುಖ್ಯವಾಗಿ ಗಮನದಲ್ಲಿಟ್ಟುಕೊಂಡೇ.

ಶಿಶುವಿಹಾರವೆಂಬ ಕಲ್ಪನೆಯನ್ನು ಜಗತ್ತಿಗೆ ಕೊಟ್ಟವರ ಆಶಯವೂ ಇದಕ್ಕೆ ಭಿನ್ನವಾಗಿರಲಿಲ್ಲ. 1837ರಲ್ಲಿ ಜರ್ಮನಿಯಲ್ಲಿ ಫ್ರೆಡರಿಕ್ ಫ್ರೋಬೆಲ್ ಎಳೆಯ ಮಕ್ಕಳಿಗಾಗಿ ಒಂದು ಸಂಸ್ಥೆಯನ್ನು ತೆರೆದು, 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್ ಎಂಬ ಹೆಸರಿಟ್ಟನು. ಮಕ್ಕಳ ತೋಟ ಎಂದು ಅದರ ಅರ್ಥ. 1907ರಲ್ಲಿ ರೋಮ್ ನಗರದ ಬಡವರ ಕೇರಿಯಲ್ಲಿ ಮರಿಯಾ ಮಾಂಟೆಸರಿ ಮಕ್ಕಳ ಮನೆಯನ್ನು ಆರಂಭಿಸಿದರು. 1920ರಲ್ಲಿ ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಬಾಲಮಂದಿರವನ್ನು ಸ್ಥಾಪಿಸಿದರು. ತೋಟ, ಮನೆ, ಮಂದಿರ ಎಂಬ ಈ ಮೂರು ಹೆಸರುಗಳನ್ನು ಗಮನಿಸಬೇಕು. ಇವರು ಯಾರೂ ಎಳೆಯ ಮಗುವನ್ನು ಪರೀಕ್ಷೆಗೆ ಸಿದ್ಧಗೊಳಿಸುವ ಸ್ಥಳವೆಂದು ಅದನ್ನು ಭಾವಿಸಲಿಲ್ಲ. ಆಟ, ಹಾಡು, ಕಥೆ, ಕೈಗೆಲಸಗಳೇ ಅಲ್ಲಿ ಪಾಠ. ಆದ್ದರಿಂದ ಶಿಶುವಿಹಾರವೇ ದೋಷವಲ್ಲ. ನಾವು ಅದನ್ನು ಏನು ಮಾಡಿದ್ದೇವೆ ಎಂಬುದು ವಿಚಾರಣೀಯ.

ಇನ್ನು ಮಗುವಿನ ಅಳುವಿನ ಪ್ರಶ್ನೆ. ಹಿಂಸೆಯ ಲಕ್ಷಣವನ್ನು ಹೇಳುವಾಗ ನಮ್ಮ ಆಚಾರ್ಯರು ಕೇವಲ ನೋವನ್ನು ಹೇಳಲಿಲ್ಲ. ಪ್ರಮಾದದಿಂದ ಕೂಡಿದ ಯೋಗವನ್ನು ಮುಖ್ಯವಾಗಿ ಹೇಳಿದರು. ವೈದ್ಯನು ಗಾಯವನ್ನು ತೊಳೆಯುವಾಗ ರೋಗಿಗೆ ನೋವಾಗುತ್ತದೆ, ಅದು ಹಿಂಸೆಯಲ್ಲ. ಮೊದಲ ವಾರದ ಅಳುವಿನಿಂದಲೇ ತಾಯಿತಂದೆಗಳು ದೋಷಿಗಳೆಂದು ಹೇಳಲು ಬರುವುದಿಲ್ಲ. ಆದರೆ ಕಳಿಸುವವರ ಪರಿಣಾಮ ಎಂಥದು ಎಂಬುದನ್ನು ಪರೀಕ್ಷಿಸಿಕೊಳ್ಳಬೇಕು. ಮಗುವಿನ ಹಿತಕ್ಕಾಗಿ ಕಳಿಸುತ್ತಿದ್ದೇವೆಯೋ, "ನಮ್ಮ ಮೊಮ್ಮಗ ಇಂಥ ದೊಡ್ಡ ಶಾಲೆಗೆ ಹೋಗುತ್ತಾನೆ" ಎಂದು ಮದುವೆಮನೆಯಲ್ಲಿ ಹೇಳಿಕೊಳ್ಳುವುದಕ್ಕಾಗಿಯೋ? ಎರಡನೆಯದಾದರೆ ಅದು ಮಾನಕಷಾಯ. ನೆರೆಮನೆಯ ಮಗು ಮುಂದೆ ಹೋದೀತೆಂಬ ಸಂಕಟವಾದರೆ ಅದು ಅಸೂಯೆಯ ಇನ್ನೊಂದು ರೂಪ. ಹೊರಗೆ ಕಾಣುವ ಕ್ರಿಯೆ ಒಂದೇ ಆದರೂ ಒಳಗಿನ ಭಾವ ಬೇರೆಯಾದಾಗ ಬಂಧವೂ ಬೇರೆಯಾಗುತ್ತದೆ.

ಶುಭಭಾವವಿದ್ದರೆ ಸಾಲದು, ಕ್ರಮವೂ ಶುದ್ಧವಾಗಿರಬೇಕು. ಅಹಿಂಸಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಐದು ಅತಿಚಾರಗಳನ್ನು ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗಗಳನ್ನು ಕತ್ತರಿಸುವುದು, ಶಕ್ತಿಮೀರಿ ಭಾರ ಹೇರುವುದು, ಅನ್ನನೀರು ತಡೆಯುವುದು ಎಂದು ಇವುಗಳ ಸ್ಥೂಲಾರ್ಥ. ಟೀಕಾಕಾರರು ಇವನ್ನು ವಿವರಿಸುವಾಗ ದನಕರುಗಳನ್ನು ಉದಾಹರಿಸುತ್ತಾರೆ. ದನಕರುಗಳಿಗೆ ಸಲ್ಲುವ ದಯೆ ಸ್ವಂತ ಸಂತಾನಕ್ಕೆ ಸಲ್ಲದೆ ಹೋದೀತೆ? ಈ ಐದನ್ನೂ ಕನ್ನಡಿಯಂತೆ ಹಿಡಿದು ಎಳೆಯ ಮಗುವಿನ ದಿನಚರಿಯನ್ನು ನೋಡಿದರೆ ಅನೇಕ ಸಂಗತಿಗಳು ಕಾಣುತ್ತವೆ.

ಓಡಾಡುವುದೇ ಸ್ವಭಾವವಾದ ಮೂರು ವರ್ಷದ ಮಗುವನ್ನು ಬೆಳಗಿನಿಂದ ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕದಲದಂತೆ ಕೂರಿಸಿದರೆ ಅದು ಬಂಧವೇ. ಅಕ್ಷರ ತಪ್ಪಿದುದಕ್ಕೆ ಗೆಣ್ಣಿನ ಮೇಲೆ ಪಟ್ಟಿಯಿಂದ ಬಾರಿಸಿದರೆ ಅದು ವಧದ ಪಾಲಿಗೆ ಸೇರುತ್ತದೆ. ಮನೆಯಲ್ಲಿ ಕಲಿತ ಮಾತಿನಲ್ಲಿ ನೀರು ಕೇಳಿದುದಕ್ಕೆ ಗದರಿಸಿ, ಇಂಗ್ಲಿಷಿನಲ್ಲಿಯೇ ಕೇಳಬೇಕೆಂದು ಬಾಯಿ ಮುಚ್ಚಿಸಿದರೆ, ಅದು ಮಗುವಿನ ನಾಲಗೆಯನ್ನು ಕತ್ತರಿಸಿದ ಹಾಗೆ. ಇದು ಛೇದವೆಂಬ ಪದದ ಅರ್ಥವನ್ನು ಹಿಗ್ಗಿಸುವುದೆಂದು ಯಾರಾದರೂ ಆಕ್ಷೇಪಿಸಿಯಾರು. ಶಬ್ದಾರ್ಥವನ್ನು ಬಿಟ್ಟು ಭಾವಾರ್ಥವನ್ನು ಹಿಡಿದವರಿಗೆ ಆಕ್ಷೇಪ ಉಳಿಯಲಾರದು. ಬೆಳಿಗ್ಗೆ ವ್ಯಾನು ತಪ್ಪೀತೆಂದು ಅರ್ಧ ರೊಟ್ಟಿಯನ್ನೂ ತಿನ್ನಿಸದೆ ಓಡಿಸುವುದು, ಸಂಜೆ ಯು.ಕೆ.ಜಿ. ಮಗುವನ್ನು ಟ್ಯೂಷನ್ನಿಗೆ ಕಳಿಸಿ ಸೂರ್ಯಾಸ್ತವಾದ ಮೇಲೆ ಹಸಿದು ಬರುವಂತೆ ಮಾಡುವುದು ಅನ್ನಪಾನನಿರೋಧಕ್ಕೆ ಸಮೀಪ. ರಾತ್ರಿಭೋಜನ ತ್ಯಾಗವನ್ನು ಪಾಲಿಸುವ ಮನೆಯಲ್ಲಿ ಇಂಥ ಟ್ಯೂಷನ್ನು ಮಗುವನ್ನು ಹಸಿವೆಗೂ ನಿಯಮಭಂಗಕ್ಕೂ ನಡುವೆ ಸಿಲುಕಿಸುತ್ತದೆ.

ಇವುಗಳಲ್ಲಿ ಎಲ್ಲಕ್ಕಿಂತ ವ್ಯಾಪಕವಾದುದು ಅತಿಭಾರಾರೋಪಣ. ಹಾಲುಹಲ್ಲು ಬೀಳದ ಹೋರಿಗರುವಿನ ಹೆಗಲಿಗೆ ನಮ್ಮ ರೈತ ನೊಗ ಇಡುವುದಿಲ್ಲ. ಹಲ್ಲು ನೋಡಿ, ಹೆಗಲು ನೋಡಿ, ಮೊದಲು ಖಾಲಿ ನೊಗ ರೂಢಿಸಿ, ಅನಂತರ ಹಗುರವಾದ ಬಂಡಿ ಹೂಡುತ್ತಾನೆ. ಅವಸರಪಟ್ಟರೆ ಹೆಗಲು ಕೆಟ್ಟು ಜೀವನಪರ್ಯಂತ ಎತ್ತು ಕೆಲಸಕ್ಕೆ ಬಾರದೆಂದು ಅವನಿಗೆ ಗೊತ್ತು. ಮನುಷ್ಯಶಿಶುವಿಗೂ ಹಾಲುಹಲ್ಲು ಬೀಳತೊಡಗುವುದು ಸಾಮಾನ್ಯವಾಗಿ ಆರನೆಯ ವರ್ಷದ ಸುಮಾರಿಗೆ. ಮೂರು ವರ್ಷದ ಮಗುವಿನ ಮಣಿಕಟ್ಟಿನ ಎಲುಬುಗಳು ಇನ್ನೂ ಪೂರ್ತಿ ರೂಪುಗೊಂಡಿರುವುದಿಲ್ಲ. ಆ ಕೈಗೆ ಪೆನ್ಸಿಲು ಕೊಟ್ಟು ಪುಟಗಟ್ಟಲೆ ತಿದ್ದಿಸುವುದು ಹೋರಿಗರುವಿಗೆ ಬಂಡಿ ಹೂಡಿದಂತೆಯೇ ಸರಿ. ಸರ್ಕಾರಗಳೂ ಇದನ್ನು ಕಂಡುಕೊಂಡಿವೆ. 1993ರಲ್ಲಿ ಪ್ರೊಫೆಸರ್ ಯಶಪಾಲ್ ಸಮಿತಿಯು ಮಕ್ಕಳ ಕಲಿಕೆಯ ಹೊರೆಯನ್ನು ಕುರಿತು ವರದಿ ಸಲ್ಲಿಸಿತು. 2009ರ ಶಿಕ್ಷಣ ಹಕ್ಕು ಕಾಯಿದೆಯು ಪ್ರವೇಶದ ಸಮಯದಲ್ಲಿ ಮಗುವನ್ನಾಗಲಿ ತಾಯಿತಂದೆಗಳನ್ನಾಗಲಿ ಪರೀಕ್ಷಿಸಿ ಆರಿಸುವುದನ್ನು ನಿಷೇಧಿಸಿತು. 2020ರ ಶಾಲಾಚೀಲ ನೀತಿಯು ಶಾಲಾಪೂರ್ವ ಮಕ್ಕಳಿಗೆ ಚೀಲವೇ ಬೇಡವೆಂದಿತು. ಅದೇ ವರ್ಷದ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರರಿಂದ ಎಂಟು ವರ್ಷದವರೆಗಿನ ಅವಧಿಯನ್ನು ಆಟದ ಮೂಲಕ ಕಲಿಯುವ ಒಂದೇ ಬುನಾದಿ ಹಂತವೆಂದು ಪರಿಗಣಿಸಿತು. ಆದರೂ ಚೀಲ ಇಳಿಯದಿದ್ದರೆ, ಅದಕ್ಕೆ ಹೋಂವರ್ಕ್ ಕೊಡದ ಶಾಲೆಯನ್ನು "ಏನೂ ಕಲಿಸುವುದಿಲ್ಲ" ಎಂದು ನಿಂದಿಸುವ ನಾವೂ ಭಾಗಶಃ ಕಾರಣರಲ್ಲವೆ?

ಇಲ್ಲಿ ಸತ್ಯಾಣುವ್ರತಕ್ಕೆ ಸಂಬಂಧಿಸಿದ ಒಂದು ಮಾತನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕಾಗಿದೆ. ಆರು ವರ್ಷ ತುಂಬಿದ ಮೇಲೆಯೇ ಒಂದನೆಯ ತರಗತಿ ಎಂಬ ನಿಯಮವನ್ನು ಕರ್ನಾಟಕ ಸರ್ಕಾರ 2022ರಲ್ಲಿ ಮಾಡಿತು. 2025-26ರಿಂದ ಜಾರಿಗೊಳಿಸುವುದಾಗಿ ಹೇಳಿತು. ಜೂನ್ 1ಕ್ಕೆ ಕೆಲವೇ ದಿನ ಕಡಿಮೆಯಾದ ಮಕ್ಕಳ ಪಾಲಕರು ಕಳವಳಗೊಂಡರು. 2025ರ ಏಪ್ರಿಲ್‌ನಲ್ಲಿ, ಯು.ಕೆ.ಜಿ. ಮುಗಿಸಿದ ಮಕ್ಕಳಿಗೆ ಆ ಒಂದು ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳೆಂದು ಸಡಿಲಿಸಲಾಯಿತು. ಪಾಲಕರ ಕಳವಳ ಸಹಜವಾದುದೇ. ಆದರೆ ಇಂಥ ಸಂದರ್ಭದಲ್ಲಿ ಜನ್ಮದಿನಾಂಕವನ್ನೇ ಹಿಂದೆಮುಂದೆ ಮಾಡಿಸುವ ಯೋಚನೆ ಬಂದರೆ ಅದು ಧರ್ಮಸಂಕಟದ ಸ್ಥಳ. ಹಿಂದೆ ಹಳ್ಳಿಗಳಲ್ಲಿ ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆ ಮಾಸ್ತರರು ಜೂನ್ 1 ಎಂದು ಬರೆದುಕೊಳ್ಳುತ್ತಿದ್ದರು; ಅದರಲ್ಲಿ ಕಪಟವಿರಲಿಲ್ಲ. ಈಗ ದಿನ ಮಾತ್ರವಲ್ಲ, ಗಳಿಗೆಯೂ ಗೊತ್ತು. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದವರಿಗೆ ಶಾಲಾಪ್ರವೇಶಕ್ಕೂ ಜನನ ಪ್ರಮಾಣಪತ್ರವೇ ಆಧಾರವೆಂದು ಕಾನೂನು ಹೇಳುತ್ತದೆ. ಗೊತ್ತಿದ್ದೂ ಸುಳ್ಳು ದಾಖಲೆ ಮಾಡಿಸುವುದಕ್ಕೆ ನಮ್ಮ ಶಾಸ್ತ್ರದಲ್ಲಿ ಒಂದು ಖಚಿತವಾದ ಹೆಸರೇ ಇದೆ: ಕೂಟಲೇಖಕ್ರಿಯೆ. ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಅದೂ ಒಂದು. ಮಗುವಿನ ವಿದ್ಯಾಜೀವನದ ಮೊದಲ ಹಾಳೆಯೇ ಅಸತ್ಯವಾದರೆ, ಮುಂದೆ ಅದೇ ಮಗುವಿಗೆ ಸತ್ಯವನ್ನೇ ನುಡಿ ಎಂದು ಯಾವ ಬಾಯಿಂದ ಹೇಳುವುದು? ಒಂದು ವರ್ಷ ತಡವಾದರೆ ಆಗುವ ನಷ್ಟಕ್ಕಿಂತ ಇದು ದೊಡ್ಡ ನಷ್ಟ.

ಅವಸರಕ್ಕೆ ಇನ್ನೊಂದು ಬೆಲೆಯೂ ಇದೆ. ಅಳ್ನಾವರ ರೈಲು ಜಂಕ್ಷನ್. ಒಂದು ಹಳಿ ಲೋಂಡಾದತ್ತ, ಒಂದು ಧಾರವಾಡ ಹುಬ್ಬಳ್ಳಿಗಳತ್ತ, ಇನ್ನೊಂದು ದಾಂಡೇಲಿಯತ್ತ ಕವಲೊಡೆಯುತ್ತದೆ. ಊರಿನ ಕುಟುಂಬಗಳೂ ಮಕ್ಕಳ ಶಾಲೆಯ ಸಲುವಾಗಿ ಹೀಗೆಯೇ ಕವಲೊಡೆಯುತ್ತಿವೆ. ವಿದ್ಯಾಕಾಶಿಯೆಂದು ಹೆಸರಾದ ಧಾರವಾಡ ಇಲ್ಲಿಂದ ಸುಮಾರು 35 ಕಿಲೋಮೀಟರ್. ಮಗು ಎಲ್.ಕೆ.ಜಿ.ಗೆ ಬಂದಿತೆಂದರೆ ತಾಯಿ ಮಗುವಿನೊಡನೆ ಧಾರವಾಡದಲ್ಲಿ ಬಾಡಿಗೆ ಮನೆ ಹಿಡಿಯುತ್ತಾಳೆ. ತಂದೆ ಅಂಗಡಿ ಹೊಲ ನೋಡಿಕೊಂಡು ಊರಲ್ಲಿಯೇ ಉಳಿಯುತ್ತಾನೆ. ಅಜ್ಜ ಅಜ್ಜಿಯರು ರವಿವಾರದ ದಾರಿ ಕಾಯುತ್ತಾರೆ. ಹೈಸ್ಕೂಲು, ಕಾಲೇಜುಗಳಿಗಾಗಿ ಈ ತ್ಯಾಗ ಅನಿವಾರ್ಯವಾದೀತು. ಹಾಡು ಕಥೆ ಕಲಿಯುವ ನಾಲ್ಕನೆಯ ವಯಸ್ಸಿಗೂ ಇದು ಅಗತ್ಯವೆ? ಉತ್ತಮ ಅಕ್ಷರಾಭ್ಯಾಸವನ್ನು ಕೊಡಲು ಹೋಗಿ ತಂದೆಯ ತೊಡೆಯನ್ನೂ ಅಜ್ಜಿಯ ಕಥೆಯನ್ನೂ ಕಸಿದುಕೊಂಡರೆ ಲೆಕ್ಕದಲ್ಲಿ ಉಳಿದದ್ದೇನು? ಪ್ರತಿಯೊಂದು ಮನೆಯ ಪರಿಸ್ಥಿತಿ ಬೇರೆ. ನಿರ್ಣಯವೂ ಬೇರೆಯಾಗಬಹುದು. ಆದರೆ ಲಾಭವನ್ನು ಮಾತ್ರ ಬರೆದು ಹಾನಿಯನ್ನು ಬರೆಯದ ಖಾತೆವಹಿಯನ್ನು ಯಾವ ವ್ಯಾಪಾರಿಯೂ ಒಪ್ಪಲಾರನು.

ಈ ಎಲ್ಲ ತಳಮಳದ ಮೂಲದಲ್ಲಿ ಒಂದು ತಾತ್ತ್ವಿಕ ಭ್ರಾಂತಿ ಇದೆ. "ಮಗುವನ್ನು ನಾನು ರೂಪಿಸುತ್ತೇನೆ" ಎಂಬ ಕರ್ತೃತ್ವಬುದ್ಧಿಯೇ ಅದು. ಜೈನದರ್ಶನದಲ್ಲಿ ಪ್ರತಿಯೊಂದು ಜೀವವೂ ಸ್ವತಂತ್ರ ದ್ರವ್ಯ. ಮಗುವಿನ ಜ್ಞಾನ ಅರಳುವುದು ಅದರ ಜ್ಞಾನಾವರಣೀಯ ಕರ್ಮದ ಕ್ಷಯೋಪಶಮದಿಂದ; ಅದರ ಉಪಾದಾನ ಅದರಲ್ಲಿಯೇ ಇದೆ. ತಾಯಿತಂದೆಗಳೂ ಗುರುಗಳೂ ನಿಮಿತ್ತಮಾತ್ರರು. ಇದರಿಂದ ನಿಮಿತ್ತದ ಬೆಲೆ ಕಡಿಮೆಯಾಗುವುದಿಲ್ಲ; ನೀರು ಬಿಸಿಲುಗಳಿಲ್ಲದೆ ಬೀಜ ಮೊಳೆಯದು. ಆದರೆ ನೀರು ಹೆಚ್ಚಾದರೂ ಬೀಜ ಕೊಳೆಯುತ್ತದೆ. ಅಣ್ಣ ಮೂರನೆಯ ವರ್ಷಕ್ಕೆ ನೂರರವರೆಗೆ ಎಣಿಸಿದ, ತಂಗಿ ಐದಾದರೂ ಎಣಿಸಲಿಲ್ಲವೆಂದು ಹೋಲಿಸಿ ಹಂಗಿಸುವುದು ಈ ತತ್ತ್ವವನ್ನು ಮರೆತವರ ಲಕ್ಷಣ. ಎರಡು ಜೀವಗಳು, ಎರಡು ಕರ್ಮಸ್ಥಿತಿಗಳು, ಎರಡು ಕಾಲಗಳು.

ಶಾಲೆಯಲ್ಲಿ ಮಗು ಅಕ್ಷರಕ್ಕಿಂತ ಮೊದಲು ಕಲಿಯುವ ಪಾಠ ಇನ್ನೊಂದಿದೆ: ಜಗತ್ತಿನಲ್ಲಿ ತನ್ನ ಮನೆಯಂತಲ್ಲದ ಮನೆಗಳಿವೆ ಎಂಬುದು. ಬುತ್ತಿಡಬ್ಬಿ ತೆರೆದಾಗ ಈ ಭೇದ ಕಾಣುತ್ತದೆ. ನಮ್ಮಲ್ಲಿ ಉಳ್ಳಾಗಡ್ಡಿ ಆಲೂಗಡ್ಡೆ ಬಳಸದ ಮನೆಗಳಿವೆ. ಮುಂದೆ ಸರ್ಕಾರಿ ಶಾಲೆಯಲ್ಲಿ ಮೊಟ್ಟೆ ಕೊಡುವ, ತಿನ್ನದವರಿಗೆ ಬಾಳೆಹಣ್ಣು ಕೊಡುವ ಕ್ರಮವೂ ಬಂದಿದೆ. ಮಗುವಿಗೆ "ನಮ್ಮ ಮನೆಯಲ್ಲಿ ಇದನ್ನು ತಿನ್ನುವುದಿಲ್ಲ, ನನಗೆ ಬೇಡ" ಎಂದು ವಿನಯದಿಂದ ಹೇಳಲು ಕಲಿಸಬೇಕು, ಅಷ್ಟಕ್ಕೇ ನಿಲ್ಲಿಸಬೇಕು. "ಅವರು ಕೀಳು, ಅವರ ಪಕ್ಕದಲ್ಲಿ ಕೂಡಬೇಡ" ಎಂಬ ಮಾತು ಸೇರಿತೆಂದರೆ ಆಹಾರಶುದ್ಧಿಯ ಹೆಸರಿನಲ್ಲಿ ಕುಲಮದವನ್ನು ಊಡಿಸಿದಂತಾಯಿತು. ಎಂಟು ಮದಗಳನ್ನು ಬಿಡದೆ ಸಮ್ಯಗ್ದರ್ಶನ ನಿರ್ಮಲವಾಗದು. ನಾಲಗೆಯನ್ನು ಶುದ್ಧವಾಗಿಟ್ಟು ಮನಸ್ಸನ್ನು ಮಲಿನಗೊಳಿಸುವ ಶಿಕ್ಷಣ ಯಾರಿಗೆ ಬೇಕು? ಪಕ್ಕದ ಮಗು ಅತ್ತಾಗ ತನ್ನ ಡಬ್ಬಿಯ ಅವಲಕ್ಕಿಯನ್ನು ಮುಂದೆ ಚಾಚುವ ಮಗು ಪರಸ್ಪರೋಪಗ್ರಹದ ಪಾಠವನ್ನು ಸೂತ್ರ ಓದದೆಯೇ ಕಲಿತಿದೆ.

ಕೊನೆಯದಾಗಿ ನಮ್ಮ ಬಸದಿಗಳ ವಿಶ್ವಸ್ತ ಮಂಡಳಿಗಳಲ್ಲಿ ಒಂದು ವಿನಂತಿ. ಅಳ್ನಾವರಕ್ಕೆ ದೂರವಲ್ಲದ ಹಲಸಿಯೇ ಕದಂಬರ ಕಾಲದ ಪಲಾಸಿಕಾ. ಅಲ್ಲಿಯ ತಾಮ್ರಶಾಸನಗಳಲ್ಲಿ ಕದಂಬ ಅರಸರು ಜಿನಾಲಯಗಳಿಗೆ ಕೊಟ್ಟ ದತ್ತಿಗಳ ವಿವರವಿದೆ. ರವಿವರ್ಮನ ಶಾಸನ ಜಿನಪೂಜೆಯ ಜೊತೆಗೆ ಮಳೆಗಾಲದ ನಾಲ್ಕು ತಿಂಗಳು ತಪಸ್ವಿಗಳ ಪೋಷಣೆಯನ್ನೂ ಹೇಳುತ್ತದೆ. ದೇವಾಲಯದ ಧನವು ಕಲ್ಲಿಗೆ ಮಾತ್ರವಲ್ಲ, ಜೀವಂತ ಧರ್ಮಕ್ಕೂ ಸಲ್ಲಬೇಕೆಂಬ ಅರಿವು ಈ ನೆಲದಲ್ಲಿ ಅಷ್ಟು ಹಳೆಯದು. ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. 1899ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ಜೈನ ಸಭೆಯು ವಿದ್ಯಾರ್ಥಿ ವಸತಿಗೃಹಗಳ ಮೂಲಕ ರೈತಕುಟುಂಬಗಳ ಮಕ್ಕಳಿಗೆ ಓದಿನ ದಾರಿ ತೆರೆಯಿತು. ಅಂದಿನ ಕೊರತೆ ದೊಡ್ಡ ಮಕ್ಕಳದು. ಇಂದಿನ ಕೊರತೆ ಎಳೆಯ ಮಕ್ಕಳದು.

ಇದಕ್ಕಾಗಿ ಮತ್ತೊಂದು ಇಂಗ್ಲಿಷ್ ಶಾಲೆಯ ಕಟ್ಟಡ ಎಬ್ಬಿಸಬೇಕಾಗಿಲ್ಲ. ಬಸದಿಯ ಆವರಣದಲ್ಲಿ ಒಂದು ಗಾಳಿಬೆಳಕಿನ ಕೋಣೆ, ನಾಲ್ಕು ಚಾಪೆ, ಒಂದಿಷ್ಟು ಮರದ ಆಟಿಕೆ, ಕನ್ನಡದ ಚಿತ್ರಪುಸ್ತಕಗಳು ಸಾಕು. ಮಧ್ಯಾಹ್ನ ಎರಡು ಗಂಟೆ ಊರಿನ ಅಜ್ಜಿಯರು ಸರದಿಯಂತೆ ಕುಳಿತು ಕಥೆ ಹೇಳಲಿ, ಹಾಡು ಹಾಡಿಸಲಿ, ಣಮೋಕಾರ ಮಂತ್ರವನ್ನು ಕಂಠಪಾಠದ ಪರೀಕ್ಷೆಯಿಲ್ಲದೆ ಕೇಳಿಸಲಿ. ಯಾವ ಜಾತಿಯ ಮಗು ಬಂದರೂ ಚಾಪೆಯ ಮೇಲೆ ಎಡೆಯಿರಲಿ. ದುಡಿಯುವ ತಾಯಿಗೆ ಇದರಿಂದ ನಿಶ್ಚಿಂತೆ ದೊರೆತರೆ ಅದು ಅಭಯದಾನ. ಮಗುವಿನ ಕೈಗೆ ಪುಸ್ತಕ ಬಂದರೆ ಅದು ಶಾಸ್ತ್ರದಾನ. ಪಂಚಕಲ್ಯಾಣದ ವೈಭವಕ್ಕೆ ಲಕ್ಷಗಳನ್ನು ಕೂಡಿಸಬಲ್ಲ ಸಮಾಜಕ್ಕೆ ಇದು ಭಾರವೇನಲ್ಲ.

ಬೀಜಕ್ಕೆ ಹದ ಬೇಕು, ಹೋರಿಗೆ ಹಲ್ಲು ಬೇಕು, ಮಗುವಿಗೆ ಕಾಲ ಬೇಕು. ಕಾಯುವುದು ಸೋಮಾರಿತನವಲ್ಲ, ಇನ್ನೊಂದು ಜೀವದ ಗತಿಯನ್ನು ಗೌರವಿಸುವ ಸಂಯಮ ಅದು. ಬರುವ ಜೂನಿನಲ್ಲಿ ತಮ್ಮ ಮನೆಯ ಕೂಸಿನ ಕೈಹಿಡಿದು ಶಾಲೆಯ ಬಾಗಿಲಿಗೆ ಹೋಗುವ ಪ್ರತಿಯೊಬ್ಬ ಶ್ರಾವಕ ಶ್ರಾವಿಕೆಯರೂ ಆ ಹೆಗಲಿಗೆ ಎಷ್ಟು ಭಾರ ಸಲ್ಲುತ್ತದೆಂದು ಒಮ್ಮೆ ಮುಟ್ಟಿ ನೋಡಲಿ.